ಚಕ್ರವಿಲ್ಲದ ಗಾಡಿಯ ಕಂಪ್ರೆಶನ್

ಸಿಟ್ಟು ಎಲ್ಲರಿಗೂ ಬರುತ್ತದೆ, ನೆಂಟರ ಹಾಗೆ ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತದೆ. ಅಜ್ಜಾವರದ ಕೃಷ್ಣಮೋಹನನಲ್ಲಿ ಅದು ಹಾಗಲ್ಲ. ಮನೆಯಳಿಯನ ಹಾಗೆ ಬಂದು ಉಳಿದುಬಿಟ್ಟಿದೆ. ಬೆಳಿಗ್ಗೆ ಚಾ ಬಿಸಿಯಾಯಿತೆಂದು ಒಂದು ಸಿಟ್ಟು, ಅದನ್ನು ಮಾಡಿ ಮುಗಿಸುವಷ್ಟರಲ್ಲಿ ಚಾ ತಣಿಯಿತೆಂದು ಇನ್ನೊಂದು. ಹೆಂಡತಿ ಮೂಕಾಂಬಿಕಾ ಇದಕ್ಕೆ ಒಗ್ಗಿಹೋಗಿದ್ದಳು. ಗಂಡ ಒಂದು ಹೊತ್ತು ಬೈಯದಿದ್ದರೆ ಜ್ವರ ಉಂಟೋ ಎಂದು ಹಣೆ ಮುಟ್ಟಿ ನೋಡುವಳು.

ಆದರೆ ದಾರಿಯ ಸಿಟ್ಟು ಇದಕ್ಕೆಲ್ಲ ದೊಡ್ಡದು. ಅಜ್ಜನ ಜಾಗ ಪಾಲಾದಾಗ ರಸ್ತೆ ಬದಿಯದ್ದು ದೊಡ್ಡಪ್ಪನ ಮಗ ಶ್ರೀರಾಮನಿಗೆ ಹೋಯಿತು, ಹಿಂದಿನದ್ದು ಕೃಷ್ಣಮೋಹನನಿಗೆ ಬಂತು. ಪಾಲು ಮಾಡಿದ ಹಿರಿಯರು ಮರ ಎಣಿಸಿದರು, ಬಾವಿಯ ಹಕ್ಕು ಹೇಳಿದರು, ಹಲಸಿನ ಕೊಂಬೆ ಯಾವ ಕಡೆಗೆ ಬಾಗಿದರೆ ಹಣ್ಣು ಯಾರಿಗೆ ಎಂಬುದನ್ನೂ ಹೇಳಿದರು. ದಾರಿಯ ಮಾತು ಮಾತ್ರ ಎತ್ತಲಿಲ್ಲ. ಆ ಕಾಲದಲ್ಲಿ ಬರುತ್ತಿದ್ದದ್ದು ಕಾಲು. ಕಾಲಿಗೆ ಯಾರು ದಾರಿ ಬರೆದುಕೊಡುತ್ತಾರೆ?

ಈಗ ಕೃಷ್ಣಮೋಹನ ಮನೆಯ ಪಕ್ಕದ ಶೆಡ್ಡಿನಲ್ಲಿ ಅಡಿಕೆ ಹಾಳೆಯ ಊಟದ ತಟ್ಟೆ ಒತ್ತುತ್ತಿದ್ದ. ಊರಿನ ಹಾಳೆಯನ್ನೆಲ್ಲ ಪಿಕಪ್ಪಿನಲ್ಲಿ ತುಂಬಿಕೊಂಡು ಶ್ರೀರಾಮನ ಗೇಟು ಹೊಕ್ಕು, ಅವನ ಮನೆಯೆದುರಿನ ಅಂಗಳ, ಅಂದರೆ ಜಾಲು, ದಾಟಿ ತನ್ನ ಮನೆ ಸೇರುತ್ತಿದ್ದ. ಶ್ರೀರಾಮ ಸೊಸೈಟಿಯ ಸೆಕ್ರೆಟರಿಯಾಗಿ ನಿವೃತ್ತನಾದವನು. ನಿವೃತ್ತಿಯ ವರ್ಷ ಆ ಜಾಲಿಗೆ ಕೆಂಪು ಬೂದಿ ಬಣ್ಣದ ಇಂಟರ್‌ಲಾಕ್ ಕಲ್ಲು ಹಾಕಿಸಿದ. ಅದರ ಮೇಲೆ ತಾನೇ ಚಪ್ಪಲಿ ಕಳಚಿ ನಡೆಯುತ್ತಿದ್ದ. ಒಂದು ದಿನ ಪಿಕಪ್ಪು ತಿರುಗುವಾಗ ಮೂಲೆಯ ಕಲ್ಲೊಂದು ಬಿರಿಯಿತು. ಒಂದೇ ಕಲ್ಲು. ಶ್ರೀರಾಮ ಅದರ ಮೇಲೆ ಬುಟ್ಟಿ ಕವುಚಿ, ಪಂಚಾಯತ್ ಮೆಂಬರ್ ದೀಪಶ್ರೀ ಬರುವವರೆಗೆ ಯಾರೂ ಮುಟ್ಟದ ಹಾಗೆ ಕಾವಲು ಕೂತ. ಅವಳು ಬಂದ ಮೇಲೆ ಬುಟ್ಟಿ ಎತ್ತಿ ತೋರಿಸಿದ ರೀತಿ ನೋಡಿದವರಿಗೆ ಒಳಗೆ ಹೆಣ ಉಂಟೋ ಎಂದು ಕಾಣಬೇಕು.

ದೀಪಶ್ರೀ ಎಳೆ ಹೆಂಗಸು, ಆದರೆ ಊರಿನ ಚರಂಡಿ, ಬೀದಿದೀಪ, ನಾಯಿ ಎಲ್ಲ ಅವಳ ತಲೆಯ ಮೇಲೆ. ಬೇಗ ಮುಗಿಸಿ ಎಂದಳು. ಜಗಲಿಯಲ್ಲಿ ಮಾತುಕತೆಯಾಯಿತು, ಹತ್ತು ಜನ ಕೇಳುವ ಹಾಗೆ ಶ್ರೀರಾಮ ತನ್ನ ತೀರ್ಮಾನ ಹೇಳಿದ.

"ಚಕ್ರ ಇರುವ ಯಾವುದೂ ಇನ್ನು ಈ ಜಾಲಿಗೆ ಬರ್ಲಿಕ್ಕಿಲ್ಲ. ನನ್ನ ಕಾರು, ನನ್ನ ನೆಂಟರ ಕಾರು ಬಿಟ್ಟು. ಚಕ್ರ ಇಲ್ಲದ್ದು ಎಂತ ಬೇಕಾದ್ರೂ ಬರ್ಲಿ. ಕೃಷ್ಣ ಆನೆ ತರ್ತಾನಾ, ತರ್ಲಿ."

ಎಲ್ಲರೂ ನಕ್ಕರು. ಕೃಷ್ಣಮೋಹನ ನಗಲಿಲ್ಲ. ಅಂದಿನಿಂದ ಪಿಕಪ್ಪು ರಸ್ತೆಬದಿಯಲ್ಲಿ ನಿಂತಿತು. ಹಾಳೆಯ ಕಟ್ಟು, ಗ್ಯಾಸಿನ ಸಿಲಿಂಡರು, ಅಕ್ಕಿಯ ಮೂಟೆ, ಎಲ್ಲವೂ ತಲೆಹೊರೆಯಲ್ಲಿ ಬರಬೇಕು. ಜಾಲಿನ ಕುರ್ಚಿಯಲ್ಲಿ ಚಾ ಕುಡಿಯುತ್ತ ಶ್ರೀರಾಮ, ವ್ಯಾಯಾಮ ಒಳ್ಳೆಯದು ಕೃಷ್ಣ, ಶುಗರು ಬರುವುದಿಲ್ಲ ಎಂದು ದಿನವೂ ಹೇಳುವನು. ತಲೆಯ ಮೇಲೆ ಸಿಲಿಂಡರು ಇಟ್ಟುಕೊಂಡವ ಬೈಯುವುದಾದರೂ ಹೇಗೆ? ಮನೆಗೆ ಹೋಗಿ ಇಳಿಸಿ, ಆಮೇಲೆ ಬೈಯುತ್ತಿದ್ದ. ಅಷ್ಟರಲ್ಲಿ ಕೇಳುವವರು ಮೂಕಾಂಬಿಕಾ ಒಬ್ಬಳೇ.

ಹೀಗಿರುವಾಗ ತಟ್ಟೆ ಒತ್ತುವ ಯಂತ್ರದ ಸ್ಪ್ರಿಂಗು ಹುಡುಕಿಕೊಂಡು ಅವನು ಪುತ್ತೂರಿನ ಸಾಹುಲ್ ಹಮೀದರ ಗುಜರಿಗೆ ಹೋದ. ಅಲ್ಲಿ ಹಳೆಯ ಫ್ರಿಜ್ಜುಗಳ ಮಧ್ಯೆ ಒಂದು ಹಳದಿ ವಸ್ತು. ಮುಂದೆ ದೋಣಿಯ ಮೂತಿಯ ಹಾಗೆ ಮೇಲೆ ಬಾಗಿದ ಎರಡು ಜಾರುಪಟ್ಟಿ, ಹಿಂದೆ ಅಗಲದ ರಬ್ಬರ್ ಪಟ್ಟಿ, ನಡುವೆ ಇಬ್ಬರು ಕೂರುವ ಸೀಟು. ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು.

ಅದು ಹಿಮದ ಮೇಲೆ ಓಡುವ ಗಾಡಿ, ಸ್ನೋಮೊಬೈಲ್ ಎಂದು ಹೆಸರು, ಯಾವುದೋ ಐಸ್ ಪಾರ್ಕಿನದ್ದು ಎಂದರು ಹಮೀದ್. ಪಾರ್ಕು ಮುಚ್ಚಿತು, ಐಸು ಕರಗಿತು, ಇದು ಉಳಿಯಿತು.

"ಚಕ್ರ ಎಲ್ಲಿ ಹಮೀದಾಕ?"

"ಚಕ್ರ ಇಲ್ಲ ಭಟ್ರೆ."

ಕೃಷ್ಣಮೋಹನ ಗಾಡಿಗೆ ಒಂದು ಸುತ್ತು ಬಂದ. ಬಗ್ಗಿ ಅಡಿಗೆ ನೋಡಿದ. ಆಮೇಲೆ ಅವನ ಮುಖದಲ್ಲಿ ಒಂದು ನಗು ಮೂಡಿತು. ಅಭ್ಯಾಸವಿಲ್ಲದ ಮುಖದಲ್ಲಿ ಬಂದ ನಗು. ಹಮೀದರು ಗಾಬರಿಯಾಗಿ ಹೊಟ್ಟೆನೋವಾ ಎಂದು ಕೇಳಿದರು. ಇಂಜಿನು ಸರಿ ಉಂಟೋ ಇಲ್ಲವೋ ತನಗೆ ಗೊತ್ತಿಲ್ಲ, ಸ್ಟಾರ್ಟ್ ಮಾಡಿದರೆ ಕೋಳಿ ಎದ್ದು ಹೋಗುತ್ತದೆಂದು ತಾನು ಹಗ್ಗ ಎಳೆಯಲೇ ಇಲ್ಲ ಎಂದು ಅವರು ಪ್ರಾಮಾಣಿಕವಾಗಿ ಹೇಳಿದರು. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇವನಿರಲಿಲ್ಲ.

ಕೊಂಡ ಗಾಡಿ ಪಿಕಪ್ಪಿನಲ್ಲಿ ಬಂದು ಶ್ರೀರಾಮನ ಗೇಟಿನೆದುರು, ರಸ್ತೆಯಾಚೆಯ ಬಸ್‌ಸ್ಟ್ಯಾಂಡಿನ ತಗಡಿನ ಮಾಡಿನಡಿ ಇಳಿಯಿತು. ಊರೇ ಸೇರಿತು. ದೀಪಶ್ರೀಯನ್ನು ಮತ್ತೆ ಕರೆಸಲಾಯಿತು. ಶ್ರೀರಾಮ ಕನ್ನಡಕ ಹಾಕಿ, ನೆಲದ ಮೇಲೆ ಪೇಪರು ಹಾಸಿ, ಅದರ ಮೇಲೆ ಮಲಗಿ ಗಾಡಿಯ ಅಡಿ ಪರೀಕ್ಷಿಸಿದ. ರಬ್ಬರ್ ಪಟ್ಟಿಯ ಒಳಗೆ ಸಣ್ಣ ಸಣ್ಣ ಚಕ್ರ ಉಂಟು, ಹಾಗಾಗಿ ಇದು ಚಕ್ರದ್ದೇ ಎಂದು ತಕರಾರು ತೆಗೆದ. ದೀಪಶ್ರೀ ಸ್ಕೂಟರಿನಿಂದ ಇಳಿಯದೆಯೇ ತೀರ್ಪು ಕೊಟ್ಟಳು: ಒಳಗಿನ ಚಕ್ರ ನೆಲಕ್ಕೆ ತಾಗುವುದಿಲ್ಲ, ನಿಮ್ಮ ಹೊಟ್ಟೆಯೊಳಗೆ ಅನ್ನ ಉಂಟೆಂದು ನಿಮ್ಮನ್ನು ಯಾರೂ ಪಾತ್ರೆ ಅನ್ನುವುದಿಲ್ಲವಲ್ಲ.

ಶ್ರೀರಾಮನಿಗೆ ಮೈಯೆಲ್ಲ ಉರಿಯಿತು. ಆಯಿತು, ಬರುವ ಆದಿತ್ಯವಾರದೊಳಗೆ ಇದು ಯಾರೂ ದೂಡದೆ, ಎಳೆಯದೆ, ತನ್ನದೇ ಇಂಜಿನಿನ ಬಲದಲ್ಲಿ ಜಾಲು ದಾಟಿದರೆ ಮುಂದೆಂದೂ ತಡೆಯುವುದಿಲ್ಲ ಎಂದ. ದಾಟದಿದ್ದರೆ ಕೃಷ್ಣ ಸಾಯುವವರೆಗೆ ದಾರಿಯ ಮಾತು ಎತ್ತಬಾರದು. ಕೃಷ್ಣಮೋಹನ ಒಪ್ಪಿ, ಒಪ್ಪಿದ ಮೇಲೆ ಹಗ್ಗ ಎಳೆದ. ಬುದ್ಧಿ ಇದ್ದವರು ಮೊದಲು ಎಳೆದು ಆಮೇಲೆ ಒಪ್ಪುತ್ತಾರೆ.

ಗಾಡಿ ಕೆಮ್ಮಲೂ ಇಲ್ಲ.

ನೆಲ್ಯಾಡಿಯಿಂದ ಕುಂಞಿ ಮೋನು ಬಂದ. ಹುಲ್ಲು ಕತ್ತರಿಸುವ ಯಂತ್ರ, ಮದ್ದು ಬಿಡುವ ಪಂಪು, ಇಂಥದ್ದಕ್ಕೆಲ್ಲ ಆ ಕಡೆಗೆ ಅವನೇ ಡಾಕ್ಟರು. ಇಂಜಿನಿಗೆ ಎರಡು ಸಿಲಿಂಡರು. ಎರಡರ ಪ್ಲಗ್ಗನ್ನೂ ಬಿಚ್ಚಿ, ಒಂದು ತೂತಕ್ಕೆ ಗಡಿಯಾರದಂಥ ಮೀಟರು ತಿರುಗಿಸಿ ಕೂರಿಸಿ ಹಗ್ಗ ಎಳೆಯಲು ಹೇಳಿದ. ಕೃಷ್ಣಮೋಹನ ಸಿಟ್ಟಿನಲ್ಲಿದ್ದ ಕಾರಣ ಎಳೆತ ಬಲವಾಗಿಯೇ ಇತ್ತು. ಮುಳ್ಳು ಸ್ವಲ್ಪ ಮೇಲೆ ಬಂದು ಸುಸ್ತಾಗಿ ನಿಂತಿತು. ಇನ್ನೊಂದು ತೂತದಲ್ಲೂ ಹಾಗೆಯೇ.

"ಕಂಪ್ರೆಶನ್ ಇಲ್ಲ ಭಟ್ರೆ," ಎಂದ ಕುಂಞಿ ಮೋನು.

"ಹಾಗೆಂದರೆ ಎಂತ? ಸರಿಯಾಗಿ ಹೇಳು."

"ಕುಕ್ಕರ್ ಉಂಟಲ್ಲ? ಮುಚ್ಚಳ ಸರಿ ಕೂರದಿದ್ರೆ ಅಕ್ಕಿ ಬೇಯ್ತದಾ? ಹಾಗೆ. ಒಳಗೆ ಗಾಳಿಯನ್ನು ಒತ್ತಿ ಹಿಡಿಬೇಕು. ಇದು ಹಿಡಿಯುದಿಲ್ಲ. ಎರಡೂ ಪಿಸ್ಟನ್ ಹೋಗಿದೆ."

ಕುಕ್ಕರಿನ ಹೆಸರು ಹೇಳಿದ್ದೇ ತಪ್ಪಾಯಿತು. ಪಿಸ್ಟನ್ ವಿಷಯದಲ್ಲಿ ಊರಿನವರಿಗೆ ಅಷ್ಟು ಗೊತ್ತಿರಲಿಲ್ಲ, ಕುಕ್ಕರಿನ ವಿಷಯದಲ್ಲಿ ಎಲ್ಲರೂ ಪಂಡಿತರು. ವಿಸಿಲು ಬದಲಾಯಿಸಿ ಎಂದರು ಒಬ್ಬರು. ನೀರು ಕಡಿಮೆಯಾಗಿರಬೇಕು ಎಂದರು ಇನ್ನೊಬ್ಬರು. ಕುಕ್ಕರಿನ ರಬ್ಬರು ಸಡಿಲಾದರೆ ತಾನು ಫ್ರಿಜ್ಜಿನಲ್ಲಿಟ್ಟು ಸರಿ ಮಾಡುತ್ತೇನೆ, ಇದು ಹೇಗೂ ಹಿಮದ ಗಾಡಿ, ಸ್ವಲ್ಪ ಐಸು ಇಟ್ಟು ನೋಡಬಾರದೇ ಎಂದು ಮೂಕಾಂಬಿಕಾ ಕೇಳಿದಳು. ಕೃಷ್ಣಮೋಹನ ಅವಳಿಗೆ ಬೈದ. ಆಮೇಲೆ ಯಾರೂ ಇಲ್ಲದ ಹೊತ್ತು ನೋಡಿ ಸೋಡಾ ಅಂಗಡಿಯಿಂದ ಐಸು ತಂದು ಇಂಜಿನಿನ ಮೇಲಿಟ್ಟ. ನೀರು ಸುರಿದು ಅವನ ಚಪ್ಪಲಿ ಒದ್ದೆಯಾದದ್ದು ಬಿಟ್ಟರೆ ಗುಣ ಕಾಣಲಿಲ್ಲ.

ಮರುದಿನ ಬೆಳಿಗ್ಗೆಯಿಂದ ಬಸ್ಸು ಕಾಯುವವರು ಗಾಡಿಯ ಯೋಗಕ್ಷೇಮ ಕೇಳತೊಡಗಿದರು. ಸೀಕಿನ ಮನೆಗೆ ಬಂದವರ ಹಾಗೆ ಹತ್ತಿರ ನಿಂತು, ತಗ್ಗಿದ ದನಿಯಲ್ಲಿ, ಈಗ ಹೇಗುಂಟು ಎನ್ನುವರು; ತಮ್ಮ ಭಾವನ ಟಿಲ್ಲರಿಗೂ ಹೀಗೇ ಆಗಿತ್ತು, ಉಳಿಯಲಿಲ್ಲ ಎನ್ನುವರು. ಕೊನೆಗೆ ಶ್ರೀರಾಮನೂ ಬಂದ. ಗಾಡಿಯ ಸೀಟಿನ ಮೇಲೆ ಕೈಯಿಟ್ಟು, ಆಯುಸ್ಸು ಇಷ್ಟೇ ಇತ್ತು ಅಂತ ಕಾಣ್ತದೆ ಕೃಷ್ಣ ಎಂದು ನಿಟ್ಟುಸಿರು ಬಿಟ್ಟ. ಅದೇ ಸಂತೋಷದಲ್ಲಿ ಮನೆಗೆ ಹೋಗಿ, ಮಗಳು ಭಾವನಾಳನ್ನು ನೋಡಲು ಒಂದು ದಿನ ಕೊಡಿ ಎನ್ನುತ್ತಿದ್ದ ಪುತ್ತೂರಿನ ಗಂಡಿನ ಕಡೆಯವರಿಗೆ ಫೋನು ಮಾಡಿ, ಈ ಆದಿತ್ಯವಾರವೇ ಬನ್ನಿ, ನಮಗೆ ಬೇರೆ ಏನೂ ತಾಪತ್ರಯವಿಲ್ಲ ಎಂದು ಹೇಳಿದ.

ಇತ್ತ ಕೃಷ್ಣಮೋಹನ ಸೀದಾ ಪುತ್ತೂರಿಗೆ ಹೋಗಿ ಹಮೀದರ ಗುಜರಿಯ ಬಾಗಿಲಲ್ಲಿ ನಿಂತು ಬೈಯತೊಡಗಿದ. ಸತ್ತ ಇಂಜಿನು ಕೊಟ್ಟದ್ದಕ್ಕೆ, ಸತ್ತದ್ದನ್ನು ಹೇಳದ್ದಕ್ಕೆ, ಕೋಳಿ ಸಾಕಿದ್ದಕ್ಕೆ. ಇವನು ಉಸಿರಿಗಾಗಿ ನಿಂತಾಗ ಹಮೀದರು, ಹಗ್ಗ ಎಳೆಯುವಾಗ ಎಕ್ಸಿಲೇಟರು ಯಾರು ಹಿಡಿದಿದ್ದರು ಎಂದು ಕೇಳಿದರು. ಯಾರೂ ಹಿಡಿದಿರಲಿಲ್ಲ.

"ಹಿಡಿಯದೆ ನೋಡಿದ್ರಾ? ಮೂಗು ಬಾಯಿ ಮುಚ್ಚಿ ಊದು ಅಂದ್ರೆ ಯಾರು ಊದ್ತಾರೆ ಭಟ್ರೆ? ಎಕ್ಸಿಲೇಟರು ಪೂರ್ತಿ ಒತ್ತಿದ್ರೆ ಮಾತ್ರ ಒಳಗೆ ಗಾಳಿ ಹೋಗುದು. ಗಾಳಿ ಹೋಗದೆ ಎಂತದ್ದನ್ನು ಅದು ಹಿಡಿದಿಡುದು?"

ಬೈಗುಳ ಅರ್ಧಕ್ಕೆ ನಿಂತುಹೋದದ್ದು ಕೃಷ್ಣಮೋಹನನಿಗೆ ದೊಡ್ಡ ಸಂಕಟವಾಯಿತು. ಉಳಿದರ್ಧವನ್ನು ಬಸ್ಸಿನಲ್ಲಿ ಜೋಪಾನವಾಗಿ ತಂದು ಕುಂಞಿ ಮೋನುವಿನ ಮೇಲೆ ಸುರಿದ. ಕುಂಞಿ ಮೋನುವಿಗೂ ಸಿಟ್ಟು ಬಂತು. ಬೋಲ್ಟು ಬಿಚ್ಚುವ ಪಾನೆ ಕೆಳಗೆ ಹಾಕಿ, "ನಾನು ಹುಲ್ಲು ಕತ್ತರಿಸುವುದರ ರಿಪೇರಿಯವ. ಹಿಮ ನಾನು ಐಸ್‌ಕ್ಯಾಂಡಿ ಡಬ್ಬಿಯಲ್ಲಿ ಮಾತ್ರ ಕಂಡದ್ದು. ನಿಮಗೆ ಹಿಮಾಲಯದಿಂದ ಮೆಕ್ಯಾನಿಕ್ ಬೇಕಾದ್ರೆ ಕರೆಸಿ," ಎಂದ. ಮೂಕಾಂಬಿಕಾ ಇಬ್ಬರಿಗೂ ಮಜ್ಜಿಗೆ ಕೊಟ್ಟಳು. ಇಬ್ಬರೂ ಮುಖ ತಿರುಗಿಸಿಕೊಂಡು ಕುಡಿದು ಮತ್ತೆ ಕೆಲಸಕ್ಕೆ ಕೂತರು.

ಈ ಸಲ ಎಕ್ಸಿಲೇಟರನ್ನು ಬಾಳೆನಾರಿನಿಂದ ಬಿಗಿದು ಕಟ್ಟಿದರು. ಎಡದ ಸಿಲಿಂಡರಿನಲ್ಲಿ ಮುಳ್ಳು ಮೆಟ್ಟಿಲು ಹತ್ತುವ ಹಾಗೆ ಹತ್ತಿ ಮೇಲೆ ಕೂತಿತು. ಬಲದ್ದು ಅರ್ಧಕ್ಕೇ ನಿಂತಿತು. ಅಲ್ಲಿಗೆ ರೋಗಿ ಸತ್ತಿಲ್ಲ, ಒಂದು ಮಗ್ಗುಲು ಬಿದ್ದಿದೆ ಎಂದಾಯಿತು. ಬಲದ ತೂತಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಎಳೆದರು. ಪಿಸ್ಟನಿನ ಬಳೆ ಸವೆದಿದ್ದರೆ ಎಣ್ಣೆ ಆ ಸಂದನ್ನು ಮುಚ್ಚುತ್ತದೆ, ಮುಳ್ಳು ಏರುತ್ತದೆ ಎಂದು ಕುಂಞಿ ಮೋನು ಹೇಳಿದ. ಮುಳ್ಳು ಏರಲಿಲ್ಲ. ಹಾಗಾದರೆ ಬಳೆ ಸರಿ, ಸೋರುವುದು ಮೇಲಿನ ಮುಚ್ಚಳದ ಹತ್ತಿರ. ಮುಚ್ಚಳದ ಸುತ್ತ ಸಾಬೂನಿನ ನೀರು ಹಚ್ಚಿ ಎಳೆದಾಗ ಬಲಗಡೆಯ ಸಂದಿನಲ್ಲಿ ಗುಳ್ಳೆಯ ಮೇಲೆ ಗುಳ್ಳೆ ಬಂತು. ಗೋಬರ್ ಗ್ಯಾಸಿನ ಪೈಪು ಸೋರುವುದನ್ನು ಹುಡುಕಿ ಅಭ್ಯಾಸವಿದ್ದ ಕೃಷ್ಣಮೋಹನ ಆ ಗುಳ್ಳೆಗಳನ್ನು ಕಂಡು, ಕಳ್ಳ ಸಿಕ್ಕಿದವನ ಹಾಗೆ ಅವಕ್ಕೇ ಬೈದ.

ಮುಚ್ಚಳದಡಿಯ ಗ್ಯಾಸ್ಕೆಟ್ ಸುಟ್ಟು ಹರಿದಿತ್ತು. ಸುಳ್ಯದಲ್ಲಿ ಸಿಗಲಿಲ್ಲ, ಪುತ್ತೂರಿನಲ್ಲಿ ಕೇಳಿದ್ದಕ್ಕೆ ನಕ್ಕರು, ಮಂಗಳೂರಿನವರು ವಿದೇಶದಿಂದ ತರಿಸಿದರೆ ಮಳೆಗಾಲ ಕಳೆದ ಮೇಲೆ ಬರಬಹುದು ಎಂದರು. ಆದಿತ್ಯವಾರಕ್ಕೆ ನಡುವೆ ಒಂದೇ ದಿನ. ಕುಂಞಿ ಮೋನು ಪಾನೆ ಕಟ್ಟಿಕೊಂಡು ಹೊರಟ.

"ಹಾಳೆ ಹಾಕುವ," ಎಂದ ಕೃಷ್ಣಮೋಹನ.

"ಎಂತ ಹಾಕುದು?"

"ಹಾಳೆ. ಅಡಿಕೆ ಹಾಳೆ. ನನ್ನ ತಟ್ಟೆಯ ಅಚ್ಚಿನಲ್ಲಿ ಬಿಸಿ ಮಾಡಿ ಒತ್ತಿ, ಇದೇ ಆಕಾರಕ್ಕೆ ಕತ್ತರಿಸಿ."

"ಭಟ್ರೆ, ಒಳಗೆ ಬೆಂಕಿ ಉರಿಯುದು. ಸುಟ್ಟು ಹೋಗ್ತದೆ."

"ನಿನ್ನ ತಂಗಿಯ ಮದುವೆಯಲ್ಲಿ ನನ್ನ ತಟ್ಟೆಗೆ ಕುದಿಯುವ ಸಾರು ಬಡಿಸಿದ್ರು. ಸುಟ್ಟಿತಾ? ಮಗುವನ್ನು ಮೀಯಿಸುದು ಹಾಳೆಯಲ್ಲಿ, ತಲೆಗೆ ಟೋಪಿ ಹಾಳೆಯದ್ದು, ಗಾಳಿ ಬೀಸುದು ಹಾಳೆಯಲ್ಲಿ. ಇಷ್ಟೆಲ್ಲ ಮಾಡುವ ಹಾಳೆ ಒಂದು ಇಂಜಿನಿನ ಬಾಯಿ ಮುಚ್ಚುದಿಲ್ಲವಾ?"

ಕುಂಞಿ ಮೋನು ಕಟ್ಟಿದ ಪಾನೆಗಳನ್ನು ಮತ್ತೆ ಬಿಚ್ಚಿದ. ದಪ್ಪ ಹಾಳೆ ಆರಿಸಿ, ನೀರಲ್ಲಿ ನೆನೆಸಿ, ಅಚ್ಚಿನಲ್ಲಿ ಒತ್ತಿ, ಮೂಕಾಂಬಿಕಾ ತನ್ನ ಹೊಲಿಗೆಯ ಕತ್ತರಿಯಿಂದ ತೂತುಗಳನ್ನು ಕತ್ತರಿಸಿಕೊಟ್ಟಳು. ಬೋಲ್ಟು ಬಿಗಿದು ಮೀಟರು ಇಟ್ಟರು. ಬಲದ ಮುಳ್ಳು ಎಡದ ಮುಳ್ಳಿನ ಸಮಕ್ಕೆ ಬಂತು. ಕುಂಞಿ ಮೋನು ಮೀಟರನ್ನು ಬಿಚ್ಚಿ, ಅಲ್ಲಾಡಿಸಿ, ಮತ್ತೆ ಹಾಕಿ ನೋಡಿದ. ಆಗಲೂ ಅಷ್ಟೇ. ಇಂಜಿನನ್ನು ಸುಮ್ಮನೆ ಸ್ಟಾರ್ಟ್ ಮಾಡಿ ಹಾಳೆಗೆ ಸಿಟ್ಟು ಬರಿಸಬೇಡಿ, ಗೇಟಿನಿಂದ ನಿಮ್ಮ ಮನೆಯವರೆಗೆ ಅದು ಬಾಳಿದರೆ ನಿಮ್ಮ ಹಿರಿಯರ ಪುಣ್ಯ ಎಂದು ಹೇಳಿ ಕುಳಿತ. ಹೋಗಲಿಲ್ಲ. ಹೋಗುವ ಮನಸ್ಸು ಅವನಿಗೂ ಇರಲಿಲ್ಲ.

ಆದಿತ್ಯವಾರ ಶ್ರೀರಾಮನ ಜಾಲು ತೊಳೆದು ಕನ್ನಡಿಯಾಗಿತ್ತು. ಬಾಗಿಲಲ್ಲಿ ರಂಗೋಲಿ, ಒಳಗೆ ಹೋಳಿಗೆಯ ಪರಿಮಳ. ಸತ್ತ ಗಾಡಿಗೆ ಸಾಕ್ಷಿ ಹೇಳಲು ದೀಪಶ್ರೀ ಬಂದು ಸ್ಕೂಟರು ನಿಲ್ಲಿಸಿದ್ದಳು. ಜರಿ ಅಂಚಿನ ಪಂಚೆಯುಟ್ಟ ಶ್ರೀರಾಮ, ಇದು ಐದು ನಿಮಿಷದ ಕೆಲಸ, ಕೃಷ್ಣ ಹಗ್ಗ ಎಳೆಯುತ್ತಾನೆ, ಅದು ಏಳುವುದಿಲ್ಲ, ನೀವು ಹೋಳಿಗೆ ತಿಂದು ಹೋಗಿ ಎಂದು ಅವಳಿಗೆ ಹೇಳುತ್ತಿದ್ದ.

ಕೃಷ್ಣಮೋಹನ ಹಗ್ಗ ಎಳೆದ.

ಆ ಸದ್ದನ್ನು ಕೇಳಿದವರು ಈಗಲೂ ಹೇಳುತ್ತಾರೆ. ಬಸ್‌ಸ್ಟ್ಯಾಂಡಿನ ಮಾಡಿನ ಶೀಟುಗಳು ನಡುಗಿದವು, ಕೊಟ್ಟಿಗೆಯ ದನ ಹಗ್ಗ ಕಡಿದುಕೊಂಡಿತು, ಕಾಡಾನೆ ಬಂತೆಂದು ಆಚೆ ಮನೆಯವರು ಪಟಾಕಿ ಹೊಡೆದರು. ನೀಲಿ ಹೊಗೆಯ ನಡುವೆ ಹಳದಿ ಗಾಡಿ ರಸ್ತೆ ದಾಟಿತು, ಗೇಟು ಹೊಕ್ಕಿತು, ಜಾಲಿಗೆ ಏರಿತು. ಕೃಷ್ಣಮೋಹನ ಅದರ ಮೇಲೆ ಹಲ್ಲು ಕಚ್ಚಿ ಕೂತಿದ್ದ. ಅಡ್ಡ ಬಂದ ರಂಗೋಲಿಗೂ ಬೈಯುತ್ತಿದ್ದನೆಂದು ಕಾಣುತ್ತದೆ, ತುಟಿ ಅಲ್ಲಾಡುತ್ತಿತ್ತು, ಕೇಳಿಸಲಿಲ್ಲ.

ಜಾರುಪಟ್ಟಿಗಳ ಅಡಿಯಲ್ಲಿ ಹಿಮಕ್ಕೆ ಕಚ್ಚಿಕೊಳ್ಳಲೆಂದು ಚೂಪಾದ ಉಕ್ಕಿನ ಸರಳು ಇರುತ್ತದೆ. ಈ ವಿಷಯವನ್ನು ಮೆಂಬರಾಗಲಿ ಮೆಕ್ಯಾನಿಕ್ಕಾಗಲಿ, ಪೇಪರು ಹಾಸಿ ಮಲಗಿ ನೋಡಿದ ಶ್ರೀರಾಮನಾಗಲಿ ಗಮನಿಸಿರಲಿಲ್ಲ. ಎಲ್ಲರ ಕಣ್ಣೂ ಚಕ್ರ ಹುಡುಕುತ್ತಿತ್ತು. ಗಾಡಿ ಹೋದಂತೆ ಹಿಂದೆ ಇಂಟರ್‌ಲಾಕಿನ ಮೇಲೆ ಎರಡು ಬಿಳಿ ಗೀರು ನೇಗಿಲ ಸಾಲಿನ ಹಾಗೆ ಬಿದ್ದುಕೊಂಡೇ ಹೋದವು. ಜಾಲಿನ ನಡುಮಧ್ಯಕ್ಕೆ ಬರುವಾಗ ಟುಸ್ ಎಂದು ಒಂದು ಸದ್ದಾಯಿತು. ಬಚ್ಚಲ ಒಲೆಗೆ ಹಾಳೆ ತುರುಕಿದಾಗ ಬರುವ ವಾಸನೆ ಬಂತು. ಗಾಡಿ ನಿಂತಿತು.

ಶ್ರೀರಾಮ ಗೇಟಿನಿಂದ ಗಾಡಿಯವರೆಗೆ ಗೀರಿನ ಗುಂಟ ನಡೆದು ಬಂದ. ಅವನ ಜೀವಮಾನದ ಸೆಕ್ರೆಟರಿತನದಲ್ಲಿ ಬಳಸದ ಶಬ್ದಗಳೆಲ್ಲ ಆ ದಿನ ಬಂದವು. ಕೃಷ್ಣಮೋಹನ ಸೀಟಿನಿಂದ ಇಳಿಯದೆ ಅಷ್ಟೇ ಬಲವಾಗಿ ಉತ್ತರ ಕೊಟ್ಟ. ಪ್ರತಿ ಬೈಗುಳದ ಕೊನೆಗೂ ಶ್ರೀರಾಮಣ್ಣ ಎಂದು ಸೇರಿಸುತ್ತಿದ್ದ, ಎಷ್ಟೆಂದರೂ ಹಿರಿಯನಲ್ಲವೇ. ಅಷ್ಟರಲ್ಲಿ ನೆಂಟರು ಸುಳ್ಯ ಪೇಟೆಗೆ ತಲುಪಿದರೆಂದು ಫೋನು ಬಂತು.

ಪಂಥ ತಾನು ಗೆದ್ದದ್ದನ್ನೂ ಮರೆತು, ದೂಡಿ ಎಂದ ಶ್ರೀರಾಮ. ನಾಲ್ಕು ಜನ ದೂಡಿದರು. ಉಕ್ಕು ಕಲ್ಲಿಗೆ ಉಜ್ಜಿದ ಸದ್ದಿಗೆ ಎಲ್ಲರ ಹಲ್ಲು ಜುಮ್ಮೆಂದಿತು, ಗೀರು ಒಂದು ಗೇಣು ಬೆಳೆಯಿತು. ದೂಡಬೇಡಿ ಎಂದ. ಜಾರುಪಟ್ಟಿಯ ಅಡಿಗೆ ಹಾಳೆ ಇಟ್ಟು ಎಳೆದರು. ಸರಳು ಹಾಳೆಯನ್ನು ಸೌತೆಕಾಯಿಯ ಹಾಗೆ ಸೀಳಿತು. ಎತ್ತಲು ನೋಡಿದರು, ಮೂತಿ ಎದ್ದದ್ದೇ ಒಳಗಿನ ಕರಿ ಎಣ್ಣೆ ಸುರಿಯಿತು. ಇಳಿಸಿ ಎಂದು ಶ್ರೀರಾಮ ಗೋಳಾಡಿದ. ದೂಡಬಾರದು, ಎಳೆಯಬಾರದು, ಎತ್ತಬಾರದು. ದೀಪಶ್ರೀ ವಾಚು ನೋಡಿಕೊಂಡಳು.

"ಹಲಗೆ ಕೊಟ್ಟು ಇದನ್ನು ಒಂದು ಪಿಕಪ್ಪಿಗೆ ಹತ್ತಿಸಿ ಸಾಗಿಸುದೊಂದೇ ದಾರಿ ಶ್ರೀರಾಮಣ್ಣ. ಚಕ್ರ ಆದ್ರೆ ಉರುಳ್ತದೆ, ಗೀರುದಿಲ್ಲ."

ಎಲ್ಲರ ಕಣ್ಣೂ ರಸ್ತೆಬದಿಯಲ್ಲಿ ನಿಂತ ಪಿಕಪ್ಪಿನ ಕಡೆಗೆ ಹೋಯಿತು. ಶ್ರೀರಾಮ ಕೃಷ್ಣಮೋಹನನ ಮುಖ ನೋಡದೆ, ತನ್ನ ಪಂಚೆಯ ಅಂಚು ನೋಡುತ್ತ, ನಿನ್ನ ಪಿಕಪ್ಪು ತಾ ಎಂದ.

"ಅದಕ್ಕೆ ಚಕ್ರ ಉಂಟು ಶ್ರೀರಾಮಣ್ಣ."

"ಇವತ್ತು ಒಂದು ದಿನಕ್ಕೆ ಅಡ್ಡಿಯಿಲ್ಲ."

"ಒಂದು ದಿನದ್ದು ನನಗೆ ಬೇಡ. ನಾನು ಇಲ್ಲೇ ಕೂತಿರ್ತೇನೆ. ನೆಂಟರು ಬಂದರೆ ಕಾಲಿಗೆ ನೀರು ನಾನೇ ಕೊಡ್ತೇನೆ. ದಾರಿಯ ಕಥೆಯನ್ನೂ ನಾನೇ ಹೇಳ್ತೇನೆ, ಪಾಲಿನಿಂದ ಶುರು ಮಾಡಿ."

ಒಳಗಿನಿಂದ ಶ್ರೀರಾಮನ ಹೆಂಡತಿ ಏನೋ ಕೂಗಿದಳು. ಭಾವನಾ ಕಿಟಕಿಯಲ್ಲಿ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು; ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಶ್ರೀರಾಮ ಕಣ್ಣು ಮುಚ್ಚಿ, ಮೆಂಬರಿಗೆ ಕೇಳುವ ಹಾಗೆ ಹೇಳಿದ.

"ಚಕ್ರ ಬರ್ಲಿ. ಯಾವಾಗ ಬೇಕಾದ್ರೂ ಬರ್ಲಿ."

ಕೃಷ್ಣಮೋಹನ ಇಳಿದ. ಪಿಕಪ್ಪು ಜಾಲಿಗೆ ಬಂತು, ಹಲಗೆಯ ಮೇಲೆ ಹಳದಿ ಗಾಡಿ ಏರಿತು, ಒಂದು ಕಲ್ಲಿಗೂ ನೋವಾಗದೆ ಎಲ್ಲವೂ ಹಿಂದಿನ ಮನೆಯ ಅಂಗಳ ಸೇರಿತು. ಕಟ್ಟು ಬಿಚ್ಚುವಷ್ಟರಲ್ಲಿ ಗೇಟಿನಲ್ಲಿ ಕಾರಿನ ಹಾರ್ನು ಕೇಳಿತು. ನೋಡಿ ಬರುವ ಎಂದು ಕೃಷ್ಣಮೋಹನನೂ ಕುಂಞಿ ಮೋನುವೂ ಬೇಲಿಯ ಹತ್ತಿರ ಬಂದು ನಿಂತರು.

ಹುಡುಗನ ತಂದೆ ಕಾರಿನಿಂದ ಇಳಿದವರು ಮನೆ ನೋಡಲಿಲ್ಲ, ನೆಲ ನೋಡಿದರು. ಬಗ್ಗಿ ಆ ಗೀರಿನ ಮೇಲೆ ಬೆರಳಾಡಿಸಿ ಇದೆಂತ ಎಂದು ಕೇಳಿದರು. ದಾಯಾದಿ ಜಗಳ ಎಂದು ಹೆಣ್ಣು ನೋಡಲು ಬಂದವರಿಗೆ ಹೇಳುವುದುಂಟೇ? ಮಳೆಗಾಲದಲ್ಲಿ ಪಾಚಿ ಹಿಡಿದು ಕಾಲು ಜಾರುತ್ತದಲ್ಲ, ಜಾರದಿರಲೆಂದು ಗೀರು ಹಾಕಿಸಿದ್ದು, ಹೊಸ ಕ್ರಮ ಎಂದುಬಿಟ್ಟ ಶ್ರೀರಾಮ. ಹುಡುಗನ ತಂದೆಗೆ ಬಹಳ ಮೆಚ್ಚಿಗೆಯಾಯಿತು. ಅವರ ತಾಯಿ ಹೋದ ಮಳೆಗಾಲದಲ್ಲಿ ಜಾಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರಂತೆ. ಇಷ್ಟು ಮುಂದಾಲೋಚನೆ ಇರುವ ಮನೆಯ ಹುಡುಗಿ ಎಂದರೆ ಮತ್ತೆ ನೋಡುವುದೇನು ಎಂದು ಹೆಂಡತಿಗೆ ಹೇಳಿ, ಶ್ರೀರಾಮನ ಕಡೆ ತಿರುಗಿದರು.

"ಆದರೆ ಕೆಲಸ ಅರ್ಧಕ್ಕೇ ನಿಂತಿದೆಯಲ್ಲ ಭಾವ? ಉಳಿದ ಜಾಲಿಗೆ ಯಾವಾಗ? ಮಾಡುವವ ಯಾರು?"

ಶ್ರೀರಾಮ ಬಾಯಿ ತೆರೆಯುವ ಮೊದಲೇ ಬೇಲಿಯ ಆಚೆಯಿಂದ ಉತ್ತರ ಬಂತು. ಎಷ್ಟೋ ತಿಂಗಳು ತಲೆಹೊರೆ ಹೊತ್ತವನ ಸಿಟ್ಟೆಲ್ಲ ಆ ದನಿಯಲ್ಲಿ ಸಕ್ಕರೆಯ ಹಾಗೆ ಕರಗಿತ್ತು.

"ಮಾಡುವವ ನಾನೇ ಮಾವ, ಇವರ ಚಿಕ್ಕಪ್ಪನ ಮಗ. ನೀವು ಊಟ ಮಾಡಿ. ಗಾಡಿಗೆ ಹೊಸ ಹಾಳೆ ಕತ್ತರಿಸಲಿಕ್ಕೆ ಹೇಳಿದ್ದೇನೆ. ನಿಮ್ಮ ಕಣ್ಣೆದುರೇ, ಗೋಡೆಯಿಂದ ಗೋಡೆಗೆ, ಒಂದು ಕಲ್ಲು ಬಿಡದೆ ಮಾಡಿಕೊಡ್ತೇನೆ. ಅಲ್ವಾ ಶ್ರೀರಾಮಣ್ಣ?"

ಹುಡುಗನ ತಂದೆ ಬಹಳ ಒಳ್ಳೆಯದು ಎಂದರು. ಶ್ರೀರಾಮ ನೆಂಟರೆದುರು ನಗುಮುಖದಲ್ಲೇ ನಿಂತು, ಹೌದು ಎಂದು ತಲೆಯಾಡಿಸಿದ.